ಮಾರಿಗೇನೂ ಆಗಿಲ್ಲಲ್ಲ!

ನಾಲ್ಕು ವರ್ಷಗಳ ಹಿಂದೆ ನಾನು ಎಡಗಾಲನ್ನು ಎರಡು ತಲೆದಿಂಬುಗಳ ಮೇಲಿಟ್ಟುಕೊಂಡು ಐವತ್ತೆಂಟು ದಿನ ಮಲಗಿದ್ದೆ. ನೋಡಲು ಬಂದವರು ಬಹಳ. ಬಬಲೇಶ್ವರದಿಂದ ಅಣ್ಣತಮ್ಮಂದಿರು ಬಂದರು, ತಿಕೋಟಾದಿಂದ ಬೀಗರು ಬಂದರು, ವಿಜಯಪುರದ ನಮ್ಮ ಓಣಿಯವರಂತೂ ಸರತಿಯ ಮೇಲೆ ಬಂದರು. ಬಂದವರು ಚಹಾ ಕುಡಿದು, ಮಳೆಬೆಳೆಯ ಮಾತಾಡಿ, ಏಳುವ ಹೊತ್ತಿಗೆ ಎಲ್ಲರೂ ಒಂದೇ ಮಾತು ಹೇಳಿ ಎದ್ದರು: “ಇರಲಿ ಬಿಡ್ರಿ ಮಾಸ್ತರ್ರ, ಮಾರಿಗೇನೂ ಆಗಿಲ್ಲಲ್ಲ. ಅಷ್ಟ ಪುಣ್ಯೇ!”

ಮೈಸೂರು ಸೀಮೆಯ ವಾಚಕರು ಗಾಬರಿಯಾಗಬಾರದು. ಅವರಿಗೆ ಮಾರಿ ಎಂದರೆ ದೇವತೆ; ನಮಗೆ ಮಾರಿ ಎಂದರೆ ಮುಖ. ಮುಖಕ್ಕೆ ಏನೂ ಆಗಲಿಲ್ಲ, ಆದ್ದರಿಂದ ಆದದ್ದು ದೊಡ್ಡದಲ್ಲ—ಇಷ್ಟು ಆ ಮಾತಿನ ತಾತ್ಪರ್ಯ. ಹೇಳಿದವರೆಲ್ಲ ಒಳ್ಳೆಯವರು, ನನ್ನ ಮೇಲೆ ಪ್ರೀತಿಯುಳ್ಳವರು. ಆದರೂ ಇಂದು ನಾನು ಅವರ ಆ ಮಾತಿನ ಮೇಲೆ ದಾವೆ ಹೂಡಲು ಹೊರಟಿದ್ದೇನೆ. ಈ ದಾವೆಯಲ್ಲಿ ಮೊದಲನೆಯ ಆರೋಪಿ ನಾನೇ ಎಂಬುದು ಮುಂದೆ ತಿಳಿಯುತ್ತದೆ.

ಮೊದಲು ನನ್ನ ಕಾಲಿನ ಕಥೆಯನ್ನು ಚಿಕ್ಕದಾಗಿ ಮುಗಿಸುತ್ತೇನೆ. ನಮ್ಮ ಸೀಮೆಗೆ ನೀರು ಬಂತು. ತುಬಚಿ–ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ, ಜೋಳ ಕಂಡ ಹೊಲ ಕಬ್ಬು ಕಂಡಿತು. ಕಬ್ಬಿನ ಬೆನ್ನಿಗೆ ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಬೆನ್ನಿಗೆ ಟ್ರೇಲರು. ಅಂಥದೊಂದು ಟ್ರೇಲರಿನ ಗಾಲಿ ನನ್ನ ಮೊಣಕಾಲ ಕೆಳಗಿನ ತೊಗಲನ್ನು ಕಾಲುಚೀಲ ಕಳಚಿದಂತೆ ಕಳಚಿ ಹಾಕಿತು. ಎಲುಬು ಮುರಿದಿರಲಿಲ್ಲ, ಕಾಣುತ್ತಿತ್ತು. ಮೊದಲು ಹೋದ ಕಡೆ, ಹೆಸರು ಬೇಡ, ಆರು ವಾರ ದಿನಾಲು ಪಟ್ಟಿ ಬಿಚ್ಚಿದರು, ಪಟ್ಟಿ ಕಟ್ಟಿದರು. “ತಾನಾಗೇ ತುಂಬಿ ಬರತದ” ಅಂದರು. ತುಂಬಿ ಬರಲಿಲ್ಲ. ಎಲುಬು ಒಣಗಿ ಬಣ್ಣ ಬದಲಾಗತೊಡಗಿದಾಗ ಮತ್ತೊಬ್ಬ ಶಸ್ತ್ರವೈದ್ಯರಲ್ಲಿಗೆ ಹೋದೆ. ಅವರು ನೋಡಿ ಅಂದರು: “ಮಾಸ್ತರ್ರ, ಬರೀ ಕಲ್ಲಿನ ಮ್ಯಾಲೆ ಏನೂ ಬೇರೂರೂದಿಲ್ಲ. ಮೊದಲ ಮಣ್ಣು ಹಾಕಬೇಕು, ಆಮ್ಯಾಲೆ ಸಸಿ.” ಮೀನಖಂಡದ ಒಂದು ಸ್ನಾಯುವನ್ನು ಅದರ ರಕ್ತನಾಳ ಕಡಿಯದಂತೆ ಬಿಡಿಸಿ, ಮುಂದಕ್ಕೆ ತಿರುಗಿಸಿ ಎಲುಬಿನ ಮೇಲೆ ಹೊದಿಸಿದರು. ಅದು ಮಣ್ಣು. ತೊಡೆಯಿಂದ ಈರುಳ್ಳಿಯ ಸಿಪ್ಪೆಯಂಥ ತೆಳ್ಳನೆಯ ಚರ್ಮ ತೆಗೆದು ಅದರ ಮೇಲೆ ಹಾಸಿದರು. ಅದು ಸಸಿ. ಐದನೆಯ ದಿನ ಪಟ್ಟಿ ಬಿಚ್ಚಿದಾಗ ಚರ್ಮ ನಸುಗೆಂಪಾಗಿ ಹತ್ತಿಕೊಂಡಿತ್ತು. ಆರು ವಾರದಲ್ಲಿ ಆಗದ್ದು ಎರಡು ವಾರದಲ್ಲಿ ಆಯಿತು. ಇಂದು ನಾನು ಗೋಲಗುಮ್ಮಟದ ಮೆಟ್ಟಿಲು ಹತ್ತಬಲ್ಲೆ. ಹತ್ತುವ ಬುದ್ಧಿ ಬರುವುದಿಲ್ಲ, ಅದು ಬೇರೆ ಮಾತು.

ಮನೆಗೆ ಬಂದ ಮೇಲೆ ನೆರೆಯವರೊಬ್ಬರು ಕಾಲನ್ನು ಬಗ್ಗಿ ಬಗ್ಗಿ ನೋಡಿ ಕೇಳಿದರು: “ಪ್ಲಾಸ್ಟಿಕ್ ಹಾಕ್ಯಾರಂತಲ್ರಿ? ನಮ್ಮೂರ ಬಿಸಿಲಿಗೆ ಕರಗೂದಿಲ್ಲೇನ್ರಿ?” ನಕ್ಕೆ. ಆದರೆ ಕಲಿತವರು ತಿಳಿದದ್ದು ಇದಕ್ಕಿಂತ ಹೆಚ್ಚೇನಲ್ಲ. ಪ್ಲಾಸ್ಟಿಕ್ ಸರ್ಜರಿ ಎಂದರೆ ಸಿನಿಮಾ ನಟಿಯರ ಮೂಗು, ತುಟಿ, ಗಲ್ಲ ಎಂದು ನಾವು ತಿಳಿದುಕೊಂಡಿದ್ದೇವೆ. ಆ ಹೆಸರಿನ ಮೂಲ ಗ್ರೀಕ್ ಮಾತಿಗೆ ಅರ್ಥ ರೂಪ ಕೊಡುವುದು, ಕುಂಬಾರ ಮಣ್ಣಿಗೆ ಕೊಡುವಂತೆ. ಕುಂಬಾರ ಬರಿ ಗಡಿಗೆಯ ಕಂಠಕ್ಕೆ ರೂಪ ಕೊಟ್ಟು ತಳವನ್ನು ಹಾಗೆಯೇ ಬಿಡುವುದುಂಟೆ?

ಮುಖದ ಈ ಮೋಹ ನಮ್ಮ ಅಭಿಮಾನದ ಕಥೆಗಳಲ್ಲಿಯೂ ಸೇರಿಕೊಂಡಿದೆ. ಭಾಷಣಕ್ಕೆ ನಿಂತ ಮಹನೀಯರು ಸುಶ್ರುತನ ಹೆಸರೆತ್ತಿ, ‘ಕತ್ತರಿಸಿದ ಮೂಗನ್ನು ಮತ್ತೆ ಕಟ್ಟಿದವರು ನಾವು’ ಎಂದು ಎದೆ ತಟ್ಟಿಕೊಳ್ಳುತ್ತಾರೆ. ಸುಳ್ಳಲ್ಲ. ಆದರೆ ಅದೇ ಸಂಹಿತೆಯ ಚಿಕಿತ್ಸಾಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಗಾಯಕ್ಕೆ ಮಾಡಬೇಕಾದ ಅರವತ್ತು ಉಪಕ್ರಮಗಳನ್ನು ಆತ ಹೇಳಿದ್ದಾನೆ. ಬಾವು ಇಳಿಸುವುದರಿಂದ ಹಿಡಿದು, ಮಾಯ್ದ ಕಲೆಗೆ ಚರ್ಮದ ಬಣ್ಣ ತರುವುದು, ಅದರ ಮೇಲೆ ಮತ್ತೆ ರೋಮ ಹುಟ್ಟಿಸುವುದು ಇವೆಲ್ಲ ಅಲ್ಲಿವೆ. ಗಾಯ ಮೈಮೇಲೆ ಎಲ್ಲಿದ್ದರೂ ಅದನ್ನು ಮುಚ್ಚುವುದಷ್ಟೇ ಸಾಲದು, ಚರ್ಮವನ್ನು ಚರ್ಮವಾಗಿ ಮರಳಿ ಕೊಡಬೇಕು ಎಂಬ ಹಂಬಲ ಅದು. ನಾವು ಅರವತ್ತನ್ನೂ ಬಿಟ್ಟು ಒಂದು ಮೂಗನ್ನು ಹಿಡಿದುಕೊಂಡೆವು.

ಎರಡನೆಯ ಕಥೆ ನಮ್ಮ ನಾಡಿನ ನೆಲದ್ದೇ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಅವನ ಮೂಗು ಕೊಯ್ದರು. ಒಂದು ವರ್ಷದ ಮೇಲೆ ಪುಣೆಯ ಕಡೆಯ, ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಅವನ ಹಣೆಯ ಚರ್ಮ ತಿರುಗಿಸಿ ಹೊಸ ಮೂಗು ಕಟ್ಟಿಕೊಟ್ಟ. 1794ರ ಅಕ್ಟೋಬರದಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝಿನ್’ ಈ ಸಂಗತಿಯನ್ನು ಚಿತ್ರಸಹಿತ ಅಚ್ಚುಹಾಕಿತು. ಅದನ್ನು ಓದಿದ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ರೀತಿ ಮೂಗು ಕಟ್ಟಿದ. ಯುರೋಪು ಈ ವಿದ್ಯೆಯನ್ನು ಹೀಗೆ ಕಲಿಯಿತು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ.

ಹೇಳುವಾಗ ಒಂದು ಮಾತು ನುಂಗಿಬಿಡುತ್ತೇವೆ. ಕಾವಸ್‌ಜಿಯ ಮೂಗನ್ನಷ್ಟೇ ಅಲ್ಲ, ಒಂದು ಕೈಯನ್ನೂ ಕತ್ತರಿಸಿದ್ದರು. ಎತ್ತು ಹೊಡೆದು ಹೊಟ್ಟೆ ಹೊರೆಯುವವನಿಗೆ ಮೂಗಿಗಿಂತ ಕೈ ಹೆಚ್ಚಿನದು. ಬಾರುಕೋಲು ಹಿಡಿಯುವುದು ಮೂಗಿನಿಂದಲ್ಲ. ಕೈ ಮರಳಿ ಕಟ್ಟುವ ವಿದ್ಯೆ ಅಂದು ಇರಲಿಲ್ಲ, ನಿಜ. ಆದರೆ ಆ ಮೊಂಡುಗೈಯಿಂದ ಅವನು ಮುಂದೆ ಹೇಗೆ ಬದುಕಿದ ಎಂದು ಇನ್ನೂರು ವರ್ಷಗಳಲ್ಲಿ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಮೂಗು ಇತಿಹಾಸಕ್ಕೆ ಹೋಯಿತು; ಕೈ ಮನೆಗೆ ಹೋಯಿತು. ಅಂದೂ ಯಾರೋ ಅವನ ಹೊಸ ಮೂಗು ನೋಡಿ ‘ಮಾರಿ ನೆಟ್ಟಗಾತಲ್ಲ, ಅಷ್ಟ ಪುಣ್ಯೇ’ ಎಂದಿರಬೇಕು.

ಭಾವನೆ ಬಿಟ್ಟು ಲೆಕ್ಕಕ್ಕೆ ಬರೋಣ. ಸುಟ್ಟ ಮೈಯನ್ನು ಅಳೆಯಲು ವೈದ್ಯರು ಒಂಬತ್ತರ ಲೆಕ್ಕವೊಂದನ್ನು ಇಟ್ಟುಕೊಂಡಿದ್ದಾರೆ. 1951ರಲ್ಲಿ ವಾಲೇಸ್ ಎಂಬವರು ಅದನ್ನು ಪ್ರಚುರಪಡಿಸಿದರು. ದೊಡ್ಡವರ ಮೈಚರ್ಮವನ್ನು ನೂರು ಪಾಲು ಮಾಡಿದರೆ ಒಂದೊಂದು ಕೈಗೆ ಒಂಬತ್ತು, ಒಂದೊಂದು ಕಾಲಿಗೆ ಹದಿನೆಂಟು, ಎದೆ–ಹೊಟ್ಟೆಗೆ ಹದಿನೆಂಟು, ಬೆನ್ನಿಗೆ ಹದಿನೆಂಟು, ಗುಹ್ಯಭಾಗಕ್ಕೆ ಒಂದು. ತಲೆ, ಮುಖ, ಕುತ್ತಿಗೆ ಮೂರೂ ಕೂಡಿ ಒಂಬತ್ತು. ಅಂದರೆ ‘ಮಾರಿಗೇನೂ ಆಗಿಲ್ಲಲ್ಲ’ ಎಂಬವರು ನೂರರಲ್ಲಿ ತೊಂಬತ್ತೊಂದು ಪಾಲನ್ನು ಲೆಕ್ಕಕ್ಕೇ ಹಿಡಿಯದೆ ಕೂತಿದ್ದಾರೆ. ಪರೀಕ್ಷೆಯಲ್ಲಿ ಒಂಬತ್ತು ಅಂಕ ತೆಗೆದುಕೊಂಡವನನ್ನು ನಾನು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಪಾಸು ಮಾಡಿಲ್ಲ.

ಇನ್ನು ನನ್ನ ಮೇಲಿನ ಆರೋಪ.

ನಾನು ತಿಕೋಟಾ ಕಡೆಯ ಒಂದು ಹಳ್ಳಿಯಲ್ಲಿ ಮಾಸ್ತರನಾಗಿದ್ದಾಗ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳ ಮೇಲೆ ಜಳಕದ ಹಂಡೆಯ ಕುದಿನೀರು ಬಿತ್ತು. ಬಲಗಡೆಯ ಬಗಲು, ತೋಳಿನ ಒಳಮಗ್ಗುಲು, ಪಕ್ಕೆ ಬೆಂದವು. ನೋಡಲು ಹೋದೆ. ತಾಯಿ ಅಳುತ್ತಿದ್ದಳು. ಸಮಾಧಾನಕ್ಕೆ ನಾಲಿಗೆಗೆ ಬಂದದ್ದೇ ಆ ಮಾತು: “ಅಳಬ್ಯಾಡ ತಂಗಿ, ಮಾರಿಗೇನೂ ಆಗಿಲ್ಲಲ್ಲ.” ಮೂರು ತಿಂಗಳ ಮೇಲೆ ಹುಡುಗಿ ಶಾಲೆಗೆ ಬಂದಳು. ಗಾಯ ಮಾಯ್ದಿದೆ ಎಂದರು. ಒಳ್ಳೆಯದಾಯಿತು ಎಂದುಕೊಂಡೆ.

ಮುಂದಿನ ವರ್ಷ ತರಗತಿಯಲ್ಲಿ, ‘ಗೊತ್ತಿದ್ದವರು ಕೈ ಎತ್ತಿರಿ’ ಎಂದರೆ ಅವಳು ಎತ್ತುತ್ತಿರಲಿಲ್ಲ. ಮೊದಲು ಚುರುಕಾಗಿದ್ದ ಹುಡುಗಿ ಮಂಕಾಯಿತು ಎಂದು ಬಗೆದೆ. ಒಂದು ದಿನ ಎಡಗೈ ಎತ್ತಿದಳು. “ಎಡಗೈ ಎತ್ತತಾರೇನು?” ಎಂದು ಗದರಿಸಿದೆ. ಮತ್ತೆ ಅವಳು ಯಾವ ಕೈಯನ್ನೂ ಎತ್ತಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟಳು. ಬಲಗೈ ಎತ್ತಲು ಬರುತ್ತಿರಲಿಲ್ಲವೆಂಬುದು, ಬಗಲಿನ ಚರ್ಮ ಜಾಲಿಯ ಹಲಗೆಯಂತೆ ಬಿರುಸಾಗಿ ತೋಳನ್ನು ಪಕ್ಕೆಗೆ ಕಟ್ಟಿಹಾಕಿತ್ತೆಂಬುದು ನನಗೆ ತಿಳಿಯಲಿಲ್ಲ. ಕುಪ್ಪಸದ ಒಳಗಿನದು ಮಾಸ್ತರನಿಗೆ ಹೇಗೆ ಕಾಣಬೇಕು? ಮುಖ ಕಾಣುತ್ತಿತ್ತು. ಅದಕ್ಕೇನೂ ಆಗಿರಲಿಲ್ಲ.

ನನ್ನ ಕಾಲು ನೆಟ್ಟಗಾದ ವರ್ಷ ತಿಕೋಟಾದ ಸಂತೆಯಲ್ಲಿ ಆ ತಾಯಿ ಸಿಕ್ಕಳು. ಮಗಳು ಹೇಗಿದ್ದಾಳೆ ಎಂದೆ. “ಏನ್ ಹೇಳ್ಲಿ ಸರ್, ಆಕಿಗೆ ದ್ರಾಕ್ಷಿ ತ್ವಾಟದಾಗ ಯಾರೂ ಕೆಲಸಾ ಕೊಡೂದಿಲ್ರಿ” ಅಂದಳು. ದ್ರಾಕ್ಷಿಯ ತೋಟ ಕಂಡವರಿಗೆ ವಿವರಿಸಬೇಕಾಗಿಲ್ಲ. ಬಳ್ಳಿ ಹಂದರದ ಮೇಲಿರುತ್ತದೆ. ಚಾಟನಿ ಮಾಡುವುದು, ಗೊನೆ ತಿಳಿಗೊಳಿಸುವುದು, ಗೊನೆಯನ್ನು ಔಷಧದಲ್ಲಿ ಅದ್ದುವುದು, ಕೊನೆಗೆ ಕತ್ತರಿಸುವುದು ಎಲ್ಲವೂ ತಲೆಯ ಮೇಲೆ ಕೈಯೆತ್ತಿ ಮಾಡುವ ಕೆಲಸ. ತಿಕೋಟಾ, ಬಬಲೇಶ್ವರದ ಹೆಣ್ಣುಮಕ್ಕಳ ಕೂಲಿ ಆ ಹಂದರದಲ್ಲಿ ತೂಗುತ್ತಿದೆ. ಕೈ ಎತ್ತಲಾಗದವಳಿಗೆ ಅದು ಎಟುಕದ ದ್ರಾಕ್ಷಿ. ನರಿಯಂತೆ ಹುಳಿ ಎಂದು ಅಂದುಕೊಂಡು ಹೋಗಲೂ ಬರುವುದಿಲ್ಲ. ಹೆರಳು ಹಾಕಿಕೊಳ್ಳಲೂ ಅವಳಿಗೆ ಮತ್ತೊಬ್ಬರು ಬೇಕಾಗಿತ್ತು.

“ಯಾಕವ್ವಾ, ಯಾವ ಡಾಕ್ಟರಿಗೂ ತೋರಿಸಲಿಲ್ಲೇನು?” ಎಂದೆ. ಅವಳು ಸಿಟ್ಟಿಲ್ಲದೆ ಹೇಳಿದಳು: “ಮಾರಿಗೇನೂ ಆಗಿಲ್ಲ, ಸೀರಿ ಉಟ್ರ ಮುಚ್ಚತದ ಅಂದ್ರು ಎಲ್ಲಾರೂ. ನೀವೂ ಅಂದಿದ್ರಿ, ಸರ್.”

ವಾಚಕರೇ, ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ನನಗೆ ಇಂಥ ಏಟು ಬಿದ್ದಿರಲಿಲ್ಲ.

ನನ್ನ ಕಾಲನ್ನು ನೋಡಿದ ಶಸ್ತ್ರವೈದ್ಯರ ಬಳಿಗೇ ಅವಳನ್ನು ಕರೆದೊಯ್ದೆವು. ಬಿಗಿದ ಕಲೆಯನ್ನು ಕೊಯ್ದು ಬಿಡಿಸಿ, ಪಕ್ಕದ ಮೆತ್ತನೆಯ ಚರ್ಮವನ್ನು ಸ್ವಲ್ಪ ತಿರುಗಿಸಿ, ಉಳಿದ ತೆರಪಿಗೆ ತೊಡೆಯ ಚರ್ಮ ಹಾಸಿದರು. ತಿಂಗಳುಗಟ್ಟಲೆ ಕೈಯನ್ನು ಅಗಲಿಸಿ ಕಟ್ಟಿಡುವ ಪಟ್ಟಿ, ದಿನಾಲು ವ್ಯಾಯಾಮ. ತೋಳು ಹೆಗಲ ಮಟ್ಟಕ್ಕೆ ಬಂತು, ಅದಕ್ಕಿಂತ ಒಂದು ಗೇಣು ಮೇಲಕ್ಕೆ ಬಂತು. ಪೂರ್ತಿ ಬರಲಿಲ್ಲ. ಹದಿನೈದು ವರ್ಷ ಅಲುಗದ ಕೀಲು ಒಳಗೂ ಬಿಗಿದಿರುತ್ತದಂತೆ. ಆ ಬಾರದೆ ಉಳಿದ ಒಂದು ಗೇಣಿನ ಅಂತರ ಇದೆಯಲ್ಲ, ಅದು ದೈವ ಮಾಡಿದ್ದಲ್ಲ, ಕುದಿನೀರು ಮಾಡಿದ್ದೂ ಅಲ್ಲ. ‘ಮಾರಿಗೇನೂ ಆಗಿಲ್ಲಲ್ಲ’ ಎಂಬ ಮಾತು ಮಾಡಿದ್ದು.

ಏಕೆ ಹೀಗಾಗುತ್ತದೆ? ತೆರೆದ ಗಾಯ ತನ್ನ ಬಾಯನ್ನು ತಾನೇ ಮುಚ್ಚಿಕೊಳ್ಳಲು ಸುತ್ತಲಿನ ಚರ್ಮವನ್ನು ಒಳಕ್ಕೆ ಎಳೆಯುತ್ತದೆ. ಬೆನ್ನಿನ ಮೇಲೆ, ಹೊಟ್ಟೆಯ ಮೇಲೆ ಚರ್ಮ ಸಡಿಲ, ಎಳೆದರೆ ಬರುತ್ತದೆ. ಬಗಲಲ್ಲಿ, ಮೊಣಕೈಯ ಒಳಮಗ್ಗುಲಲ್ಲಿ, ಬೆರಳ ಸಂದಿಯಲ್ಲಿ, ಮೊಣಕಾಲ ಹಿಂದೆ ಎಳೆದರೆ ಕೀಲೇ ಮಡಚಿಕೊಂಡು ಬರುತ್ತದೆ. ನಾವು ‘ಮಾಯಿತು’ ಎಂದು ಕೈ ಮುಗಿಯುವ ಹೊತ್ತಿಗೆ ಕೈ ಹೋಗಿರುತ್ತದೆ. ಸುಟ್ಟ ಗಾಯ ಮೂರು ವಾರದೊಳಗೆ ಮುಚ್ಚದಿದ್ದರೆ ಅದು ದಪ್ಪನೆಯ, ಎಳೆಯುವ ಕಲೆಯಾಗುವ ಸಂಭವ ಬಹಳ ಹೆಚ್ಚು. ವರ್ಷಾನುಗಟ್ಟಲೆ ಒಡೆಯುತ್ತ ಮಾಯುತ್ತ ಇರುವ ಹಳೆಯ ಕಲೆಯಲ್ಲಿ ಒಮ್ಮೊಮ್ಮೆ ಕ್ಯಾನ್ಸರೂ ಹುಟ್ಟುತ್ತದೆ. ಮಾರ್ಜೋಲಿನ್ನನ ಹುಣ್ಣು ಎಂದು ವೈದ್ಯರು ಅದಕ್ಕೆ ಹೆಸರಿಟ್ಟಿದ್ದಾರೆ.

ಇದಕ್ಕೆ ಮದ್ದು ಹೊಸದಲ್ಲ. ಪ್ಯಾರಿಸಿನ ರೆವರ್ಡಿನ್ ಚಿಕ್ಕ ಚಿಕ್ಕ ಚರ್ಮದ ತುಣುಕುಗಳನ್ನು ಗಾಯದ ಮೇಲೆ ನೆಟ್ಟು ಬೆಳೆಸಿ ತೋರಿಸಿದ್ದು 1869ರಲ್ಲಿ. ತೆಗೆದ ಚರ್ಮಕ್ಕೆ ಸಾಲಾಗಿ ಸೀಳು ಹಾಕಿ ಬಲೆಯಂತೆ ಹಿಗ್ಗಿಸಿ, ಸ್ವಲ್ಪ ಚರ್ಮದಿಂದ ಬಹಳ ಗಾಯ ಮುಚ್ಚುವ ಉಪಾಯವನ್ನು ಟ್ಯಾನರ್ ಮತ್ತು ಅವರ ಜತೆಗಾರರು 1964ರಲ್ಲಿ ತಂದರು. ಚರ್ಮ ತೆಗೆದ ಜಾಗ ತಾನಾಗಿಯೇ ಎರಡು ವಾರದ ಆಸುಪಾಸಿನಲ್ಲಿ ಮಾಯುತ್ತದೆ. ಏಕೆಂದರೆ ಕೂದಲ ಬುಡ ಅಲ್ಲಿಯೇ ಉಳಿದಿದ್ದು, ಅದರಿಂದ ಚರ್ಮ ಮತ್ತೆ ಚಿಗುರುತ್ತದೆ.

ಇದನ್ನು ಕನ್ನಡದಲ್ಲಿ ಚರ್ಮಕಸಿ ಎನ್ನುತ್ತಾರೆ. ನನಗೆ ಆಶ್ಚರ್ಯ ಇಲ್ಲಿಯೇ. ಕಸಿ ಎಂದರೇನೆಂದು ತಿಕೋಟಾದ ರೈತನಿಗೆ ಯಾರು ಕಲಿಸಬೇಕು? ಬರ ತಡೆಯುವ ಡಾಗ್‌ರಿಜ್ ಬೇರಿನ ಮೇಲೆ ಥಾಮ್ಸನ್ ಕಡ್ಡಿಯನ್ನು ಬೆಣೆಯಂತೆ ಕೂರಿಸಿ, ಪಟ್ಟಿ ಬಿಗಿದು, ಚಿಗುರೊಡೆಯುವ ತನಕ ಯಾರೂ ಮುಟ್ಟದಂತೆ ಕಾಯುವವನು ಅವನು. ಕಡ್ಡಿ ಹಸಿಯಾಗಿರಬೇಕು, ಗಾಯ ಚೊಕ್ಕಟವಾಗಿರಬೇಕು, ಜೋಡಿಸಿದ್ದು ಅಲುಗಬಾರದು, ಹಂಗಾಮು ಮೀರಬಾರದು—ಬಳ್ಳಿಯ ಕಸಿಗೆ ಅವನು ಹೇಳುವ ನಾಲ್ಕು ನೇಮಗಳೇ ಚರ್ಮದ ಕಸಿಗೂ ನೇಮ. ಬಳ್ಳಿಗೆ ಹಂಗಾಮು ತಪ್ಪಿಸದವನು ಹೆಂಡತಿಯ ಸುಟ್ಟ ಕೈಗೆ, ಮಗನ ಕಾಲಿಗೆ ಹಂಗಾಮು ತಪ್ಪಿಸುತ್ತಾನೆ. ತಪ್ಪು ಅವನೊಬ್ಬನದಲ್ಲ. ‘ಮೂರು ವಾರದ ಒಳಗೆ ಬಾ’ ಎಂದು ಅವನಿಗೆ ಹೇಳಿದವರಿಲ್ಲ.

ಆಕ್ಷೇಪಗಳು ಬರುತ್ತವೆ, ಬರಲಿ. ‘ಇದು ಉಳ್ಳವರ ಶೋಕಿ’ ಎಂಬುದು ಮೊದಲನೆಯದು. ಕಣಕಿ ಕತ್ತರಿಸುವ ಯಂತ್ರಕ್ಕೆ ಕೈ ಕೊಟ್ಟವನು ಉಳ್ಳವನೇ? ಹಾವು ಕಚ್ಚಿ ಬದುಕಿ, ಕಚ್ಚಿದ ಕಾಲಿನ ಮಾಂಸ ಕೊಳೆತು ಹೋದವನು ಉಳ್ಳವನೇ? ಒಲೆಯ ಮುಂದೆ ಸೆರಗಿಗೆ ಕಿಡಿ ಹತ್ತಿದವಳು? ಬೆನ್ನುಹುರಿಗೆ ಪೆಟ್ಟಾಗಿ ಮಲಗಿದಲ್ಲಿಯೇ ಸೊಂಟದ ಮೇಲೆ ಹುಣ್ಣಾದವನು? ಸಕ್ಕರೆ ರೋಗ ಒಂದು ಉಳ್ಳವರನ್ನೂ ಬಿಟ್ಟಿಲ್ಲ ಎಂದು ಒಪ್ಪುತ್ತೇನೆ. ಮೈಚರ್ಮದ ಗಾಯ ಎಲ್ಲಕ್ಕಿಂತ ಹೆಚ್ಚಾಗಿ ದುಡಿಯುವವರ ಗಾಯ. ಮುಖ ತೋರಿಸಿ ಗಳಿಸುವವರು ಕೆಲವರು. ಕೈಕಾಲಿನಿಂದ ಗಳಿಸುವವರು ನಾವೆಲ್ಲ.

‘ಹಣ ಎಲ್ಲಿಂದ?’ ಎಂಬುದು ಎರಡನೆಯದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಕೊಡುತ್ತದೆ. ಸುಟ್ಟಗಾಯ, ಪ್ಲಾಸ್ಟಿಕ್ ಸರ್ಜರಿ ಅದರ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿದ್ದದ್ದು ಹಳ್ಳಿಯ ತಾಯಿಯ ಕಿವಿಗೆ ಬಿದ್ದಿಲ್ಲ. 1984ರಿಂದ ಒಂದು, 1986ರಿಂದ ಮತ್ತೊಂದು, ಹೀಗೆ ಎರಡು ವೈದ್ಯಕೀಯ ಕಾಲೇಜುಗಳಿರುವ ಊರು ವಿಜಯಪುರ. ತಿಕೋಟಾ, ಬಬಲೇಶ್ವರ ಎರಡೂ ಈಗ ತಾಲೂಕುಗಳು. ಊರಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ದೂರ ಇರುವುದು ರಸ್ತೆಯಲ್ಲಲ್ಲ, ತಲೆಯಲ್ಲಿ.

ಮೂರನೆಯದು ಸತ್ತವರ ಚರ್ಮದ ಮಾತು. ಮೈಯೆಲ್ಲ ಸುಟ್ಟವನಿಗೆ ಕಸಿ ಮಾಡಲು ಅವನ ಮೈಮೇಲೆಯೇ ಚರ್ಮ ಉಳಿದಿರುವುದಿಲ್ಲ. ಆಗ ಸತ್ತವರೊಬ್ಬರ ಚರ್ಮ ಕೆಲವು ವಾರ ಹೊದಿಕೆಯಾಗಿ ನಿಂತು ಜೀವ ಉಳಿಸುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ಚರ್ಮನಿಧಿಯಿದೆ, ಬೆಳಗಾವಿಯ ಕೆ.ಎಲ್.ಇ. ಆಸ್ಪತ್ರೆಯಲ್ಲಿಯೂ ಒಂದಿದೆ. ಸತ್ತ ಆರು ತಾಸಿನೊಳಗೆ ತೊಡೆ, ಕಾಲು, ಬೆನ್ನಿನ ಮೇಲ್ಪದರವಷ್ಟನ್ನೇ ತೆಗೆಯುತ್ತಾರೆ. ಹೆಣ ವಿಕಾರವಾಗುವುದಿಲ್ಲ, ರಕ್ತದ ಗುಂಪು ಕೂಡಿಸಬೇಕಾಗಿಲ್ಲ. ಮುಖವನ್ನು ಮುಟ್ಟುವುದೇ ಇಲ್ಲ. ಮಾರಿಯ ಭಕ್ತರು ನಿಶ್ಚಿಂತರಾಗಬಹುದು! ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ 2023ರ ಜನವರಿ 2ರಂದು ದೇಹ ಬಿಟ್ಟ ಸಿದ್ಧೇಶ್ವರ ಸ್ವಾಮಿಗಳು, ತಮ್ಮ ದೇಹವನ್ನು ಅಗ್ನಿಗೆ ಕೊಡಿರಿ, ಸ್ಮಾರಕ ಕಟ್ಟಬೇಡಿರಿ ಎಂದು ಬರೆದಿಟ್ಟು ಹೋದರು. ಅಂಥವರ ನೆಲದಲ್ಲಿದ್ದು ನಾವು, ಬೂದಿಯೋ ಮಣ್ಣೋ ಆಗಲಿರುವ ಚರ್ಮಕ್ಕೆ ಮುಷ್ಟಿ ಬಿಗಿಯುವುದೆ?

ನಾನು ಕೇಳುವುದು ದೊಡ್ಡದಲ್ಲ. ಮೂರು ವಾರದಲ್ಲಿ ಮುಚ್ಚದ ಗಾಯ, ಕೀಲಿನ ಮೇಲಿನ ಗಾಯ, ಎಲುಬು ಕಾಣುವ ಗಾಯ—ಈ ಮೂರನ್ನು ತಾಲೂಕಿನ ಆಸ್ಪತ್ರೆ ಪಟ್ಟಿ ಕಟ್ಟುತ್ತ ಕೂಡಿಸಿಕೊಳ್ಳದೆ, ಚರ್ಮ ಹಾಸಬಲ್ಲವರ ಬಳಿಗೆ ಚೀಟಿ ಬರೆದು ಕಳಿಸಲಿ. ಎಲುಬು ಕಂಡದ್ದನ್ನಂತೂ ಒಂದು ದಿನವೂ ತಡೆಯದೆ ಕಳಿಸಲಿ. ಆಸ್ಪತ್ರೆಯಿಂದ ಬಿಡುವಾಗ ಕಾಗದದ ಮೇಲೆ ‘ಗಾಯ ಮಾಯ್ದಿದೆ’ ಎಂದು ಬರೆದು ಮುಗಿಸದೆ, ‘ಕೈ ಎಷ್ಟು ಎತ್ತರಕ್ಕೆ ಏಳುತ್ತದೆ, ಕಾಲು ಎಷ್ಟು ಮಡಚುತ್ತದೆ’ ಎಂದೂ ಬರೆಯಲಿ. ನನ್ನಂಥ ಮಾಸ್ತರರು ತರಗತಿಯಲ್ಲಿ ಎಡಗೈ ಎತ್ತಿದ ಮಗುವನ್ನು ಗದರಿಸುವ ಮೊದಲು ಬಲಗೈಯ ಸುದ್ದಿ ಕೇಳಲಿ.

ನೋಡಲು ಬರುವವರಿಗೂ ಒಂದು ಬಿನ್ನಹ. ಬನ್ನಿರಿ, ಚಹಾ ಕುಡಿಯಿರಿ, ಮಳೆಬೆಳೆಯ ಮಾತಾಡಿರಿ. ಏಳುವಾಗ ಮಾತ್ರ ಆ ಹಳೆಯ ಮಾತನ್ನು ಬಿಟ್ಟು ಇಷ್ಟು ಕೇಳಿರಿ: “ಕೈ ಎತ್ತಾಕ ಬರತದೇನವ್ವಾ? ಎಲ್ಲಿ, ಒಮ್ಮೆ ಎತ್ತು ನೋಡೋಣು.” ಈ ಮಾತನ್ನು ನಾನು ಅಂದೇ ಕೇಳಿದ್ದರೆ, ಇಂದು ತಿಕೋಟಾದ ಹಂದರದ ಕೆಳಗೆ ಒಬ್ಬಳು ಗೊನೆಗೆ ಕೈ ನೀಡುವಾಗ ಕಾಲಡಿಗೆ ಮಣೆ ಇಟ್ಟುಕೊಳ್ಳಬೇಕಾಗಿರಲಿಲ್ಲ.